ವೀಡ್ ಈಟರ್ ಹುಡುಕಿದರೆ ಬ್ಯಾಂಡ್ ಸಿಕ್ಕಿತು: ಹುಲ್ಲಿನ ಮಷೀನಿಗೂ ರಾಕ್ ಸಂಗೀತಕ್ಕೂ ಒಂದೇ ಹೆಸರು

ಹಿತ್ತಲಹುಲ್ಲು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಹುಲ್ಲು ಹೊಡೆಯುವ ಪೆಟ್ರೋಲ್ ಮಷೀನ್ ಇದೆ. ಟೂ-ಸ್ಟ್ರೋಕ್, 25 ಸಿಸಿ. ಅದರ ನೈಲಾನ್ ದಾರ ಗಳಿಗೆಗೊಮ್ಮೆ ತುಂಡಾಗುತ್ತಿದೆ. ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದು. ಆಕ್ಸಿಲರೇಟರ್ ಬಿಟ್ಟರೂ ದಾರ ಸುತ್ತಿರುವ ಕೆಳಗಿನ ಹೆಡ್ ತಿರುಗುತ್ತಲೇ ಇರುತ್ತದೆ. ನಡೆದು ಹೋಗುವಾಗ ಕಾಲಿಗೆ ಎಲ್ಲಿ ಬಡಿಯುತ್ತದೋ ಅಂತ ಭಯ.

ನಿನ್ನೆ ರಾತ್ರಿ ಇದಕ್ಕೆ ಮದ್ದು ಹುಡುಕಲು ಕೂತೆ. ವೀಡ್ ಈಟರ್ ಅನ್ನುವುದು ಒಂದು ಕಂಪನಿಯ ಹೆಸರು, ನನ್ನ ಮಷೀನ್ ಬೇರೆ ಕಂಪನಿಯದು. ಆದರೂ ಎಲ್ಲರೂ ಕರೆಯುವ ಹಾಗೆ 'ವೀಡ್ ಈಟರ್' ಅಂತ ಹಾಕಿ ಮೊದಲ ವಿಡಿಯೋ ಒತ್ತಿದೆ. ಮಷೀನ್ ಬರಲಿಲ್ಲ, ಮೂರು ಜನ ಬಂದರು. ಒಬ್ಬರ ಕೈಯಲ್ಲಿ ಬೇಸ್ ಗಿಟಾರ್, ಒಬ್ಬರ ಕೈಯಲ್ಲಿ ಗಿಟಾರ್, ಹಿಂದೆ ಡ್ರಮ್ಸ್. ಮೊದಲ ಪೆಟ್ಟಿಗೇ ಫೋನಿನ ಸ್ಪೀಕರ್ ಗರಗರ ಅಂದಿತು. ನಿಲ್ಲಿಸಲು ಬೆರಳು ಹೋಯಿತು, ಆದರೆ ನಿಲ್ಲಿಸಲಿಲ್ಲ. ಪೂರ್ತಿ ಕೇಳಿದೆ. ಆಮೇಲೆ ಇನ್ನೆರಡು ಹಾಡು ಕೇಳಿದೆ. ನನಗೆ ರಾಕ್ ಸಂಗೀತದ ಗಂಧವೇ ಇಲ್ಲ. ಆದರೂ ಆ ಸದ್ದು ಗುರುತಿನದು ಅನಿಸಿತು. ಬೆಳಿಗ್ಗೆಯಿಂದ ಹೆಗಲ ಮೇಲೆ ಹೊತ್ತಿದ್ದೆನಲ್ಲ, ಅದೇ ಸದ್ದು.

ಇದು ಸುಮ್ನೆ ಹೆಸರಿನ ಹೊಂದಾಣಿಕೆಯೇ? ಅಥವಾ ಇನ್ನೇನಾದರೂ ಇದೆಯೇ? ಹೀಗೆ ಹೆಸರು ಹಂಚಿಕೊಂಡ ಬೇರೆ ಮಷೀನ್, ಬೇರೆ ಬ್ಯಾಂಡ್ ಗೊತ್ತಿದ್ದರೆ ಹೇಳಿ. ನನ್ನ ಮಷೀನಿಗೂ ಏನಾದರೂ ದಾರಿ ತೋರಿಸಿ.

ಹಳೇರೆಕಾರ್ಡು

ಸರ್, ನೀವು ಕೇಳಿದ್ದು ವೀಡೀಟರ್. ಒಂದೇ ಪದವಾಗಿ ಬರೆದರೆ ಬ್ಯಾಂಡ್, ಎರಡು ಪದವಾಗಿ ಬಿಡಿಸಿ ಬರೆದರೆ ಮಷೀನ್. ಹುಡುಕುವಾಗ ಇದು ನೆನಪಿರಲಿ.

ಬ್ಯಾಂಡ್ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ವಿಲ್ಮಿಂಗ್ಟನ್ ಊರಿನದು. 1998ರಲ್ಲಿ ಶುರುವಾಯಿತು. ಬೇಸ್ ನುಡಿಸುತ್ತಾ ಹಾಡುವವರು ಡೇವ್ ಕಾಲಿನ್ಸ್, ಎಲ್ಲರೂ 'ಡಿಕ್ಸಿ' ಅಂತ ಕರೆಯುತ್ತಾರೆ. ಸಂಗೀತದ ಬಗೆಗೆ ಸ್ಲಡ್ಜ್ ಅನ್ನುತ್ತಾರೆ. ಸ್ಲಡ್ಜ್ ಅಂದರೆ ಕೆಸರು. ನಿಧಾನ, ಭಾರ, ಒರಟು. ಕೆಸರಲ್ಲಿ ಕಾಲಿಟ್ಟು ನಡೆದ ಹಾಗೆ ಒಂದೊಂದು ಪೆಟ್ಟೂ ಎಳೆದುಕೊಂಡು ಬರುತ್ತದೆ. 2007 ಮತ್ತು 2011ರ ಆಲ್ಬಮ್‌ಗಳನ್ನು ರೆಕಾರ್ಡ್ ಮಾಡಿದವರು ಸ್ಟೀವ್ ಆಲ್ಬಿನಿ. ಅವರ ಕೈಯಲ್ಲಿ ಡ್ರಮ್ಸಿನ ಸದ್ದು ಹೇಗೆ ಬಂದಿದೆ ಅಂತ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಫೋನಿನ ಸ್ಪೀಕರಿನಲ್ಲಿ ಬೇಡ, ಅನ್ಯಾಯ ಆಗುತ್ತದೆ.

'ವೀಡ್' ಅಂದರೆ ಕಳೆ. ಆಡುಮಾತಿನಲ್ಲಿ ಗಾಂಜಾ ಅಂತಲೂ ಅರ್ಥ. ಬ್ಯಾಂಡಿನ ಹೆಸರಲ್ಲಿ ಎರಡೂ ಇವೆ.

ಮಷೀನಿನ ಕಥೆ ನನಗೆ ಇನ್ನೂ ಇಷ್ಟ. 1971, ಹ್ಯೂಸ್ಟನ್. ಜಾರ್ಜ್ ಬಲ್ಲಾಸ್ ಅನ್ನುವವರು ಕಾರು ತೊಳೆಯುವ ಜಾಗದಲ್ಲಿ ತಿರುಗುವ ದೊಡ್ಡ ಬ್ರಷ್ ನೋಡುತ್ತಾರೆ. ಬ್ರಷ್ಷಿನ ಎಳೆಗಳು ಜೋರಾಗಿ ತಿರುಗುವಾಗ ನೆಟ್ಟಗೆ ನಿಲ್ಲುತ್ತವೆ. ಆದರೂ ಕಾರಿನ ಬಣ್ಣಕ್ಕೆ ಏನೂ ಆಗುವುದಿಲ್ಲ. ಹಾಗಾದರೆ ಮರದ ತೊಗಟೆಗೆ ಗಾಯ ಮಾಡದೆ ಬುಡದ ಹುಲ್ಲು ತೆಗೆಯಬಹುದಲ್ವಾ ಅನಿಸಿತು. ಪಾಪ್‌ಕಾರ್ನ್ ಡಬ್ಬಿಗೆ ತೂತು ಕೊರೆದರು. ಮೀನು ಹಿಡಿಯುವ ನೈಲಾನ್ ದಾರ ಪೋಣಿಸಿದರು. ಹುಲ್ಲಿನ ಅಂಚು ಕತ್ತರಿಸುವ ಒಂದು ಮಷೀನಿಗೆ ಡಬ್ಬಿ ಸಿಕ್ಕಿಸಿ ತಿರುಗಿಸಿದರು. ಅಷ್ಟೇ. 1977ರಲ್ಲಿ ತಮ್ಮ ವೀಡ್ ಈಟರ್ ಕಂಪನಿಯನ್ನು ಎಮರ್ಸನ್ ಎಲೆಕ್ಟ್ರಿಕ್‌ಗೆ ಮಾರಿದರು.

ಅದಕ್ಕೂ ಮುಂಚೆ ಬಲ್ಲಾಸ್ ನಡೆಸುತ್ತಿದ್ದದ್ದು ಡ್ಯಾನ್ಸ್ ಸ್ಟುಡಿಯೋ. ಮಗ ಕಾರ್ಕಿ, ಮೊಮ್ಮಗ ಮಾರ್ಕ್ ಇಬ್ಬರೂ ಹೆಸರಾಂತ ನೃತ್ಯಗಾರರು. ತಾಳದ ಮೇಲೆ ಹೆಜ್ಜೆ ಹಾಕುವ ಮನೆಯಿಂದಲೇ ಆ ತಿರುಗುವ ದಾರ ಬಂತು.

ಪ್ಲಗ್‌ಸ್ಪ್ಯಾನರ್

ಮೊದಲು ಮಷೀನ್ ನೋಡೋಣ.

ದಾರ ತುಂಡಾಗುವುದಕ್ಕೆ ಸಾಮಾನ್ಯವಾಗಿ ಕಾರಣ ಒಣಗುವಿಕೆ. ನೈಲಾನ್ ತೇವ ಹೀರಿದಾಗ ಬಳುಕುತ್ತದೆ, ಒಣಗಿದರೆ ಪುಟಪುಟನೆ ಮುರಿಯುತ್ತದೆ. ಸುರುಳಿಯನ್ನು ಒಂದು ದಿನ ನೀರಲ್ಲಿ ನೆನೆಸಿಡಿ. ಆಮೇಲೆ ಸುತ್ತುವಾಗ ಎಳೆಯ ಮೇಲೆ ಎಳೆ ಅಡ್ಡ ಬೀಳದ ಹಾಗೆ ಸಾಲಾಗಿ ಸುತ್ತಿ. ಅಡ್ಡ ಬಿದ್ದ ಕಡೆ ಬಿಸಿಗೆ ಅಂಟಿಕೊಳ್ಳುತ್ತದೆ. ಹುಲ್ಲಿಗೆ ದಾರದ ತುದಿ ಮಾತ್ರ ತಾಗಲಿ. ದಾರವನ್ನು ಪೂರ್ತಿ ಹುಲ್ಲಿನೊಳಗೆ ತುರುಕಬೇಡಿ. ಕಲ್ಲು, ತಂತಿ ಬೇಲಿ ಸಿಕ್ಕಿದರೆ ಯಾವ ದಾರವೂ ಉಳಿಯುವುದಿಲ್ಲ.

ಗಾರ್ಡ್ ಬಿಚ್ಚಿಟ್ಟಿದ್ದೀರಾ? ಜಾಸ್ತಿ ಜನ ಬಿಚ್ಚುತ್ತಾರೆ. ಅದರಲ್ಲಿ ದಾರದ ಉದ್ದ ಕತ್ತರಿಸುವ ಚಿಕ್ಕ ಬ್ಲೇಡ್ ಇರುತ್ತದೆ. ಗಾರ್ಡ್ ಇಲ್ಲದಿದ್ದರೆ ದಾರ ಉದ್ದವಾಗಿ ಎಂಜಿನ್ ಮೇಲೆ ಭಾರ ಬೀಳುತ್ತದೆ, ಕಾಯುತ್ತದೆ. ಇನ್ನೊಂದು ಲೆಕ್ಕ ನೋಡಿ. 40 ಸೆಂಟಿಮೀಟರ್ ಅಗಲ ಕತ್ತರಿಸುವ ಹೆಡ್ ನಿಮಿಷಕ್ಕೆ 7,200 ಸುತ್ತು ತಿರುಗಿದರೆ ದಾರದ ತುದಿ ಸೆಕೆಂಡಿಗೆ ಸುಮಾರು 150 ಮೀಟರ್ ಓಡುತ್ತದೆ. ಗಂಟೆಗೆ 540 ಕಿಲೋಮೀಟರ್. ಆ ವೇಗದಲ್ಲಿ ಸಿಡಿದ ಕಲ್ಲು ಕಣ್ಣಿಗೆ ಬಿದ್ದರೆ ಮುಗಿಯಿತು. ಕನ್ನಡಕ ಹಾಕಿಕೊಳ್ಳದೆ ಮುಟ್ಟಬೇಡಿ.

ಈಗ ಹೆಡ್ ನಿಲ್ಲದಿರುವುದು. ಎಂಜಿನ್ನಿಗೂ ಹೆಡ್ಡಿಗೂ ನಡುವೆ ಕ್ಲಚ್ ಇದೆಯೋ ಇಲ್ಲವೋ ನೋಡಿ. ಬಾಗಿದ ಕೊಳವೆಯ ಕೆಲವು ಅಗ್ಗದ ಮಷೀನುಗಳಲ್ಲಿ ಕ್ಲಚ್ ಇರುವುದಿಲ್ಲ, ಅವು ಯಾವಾಗಲೂ ತಿರುಗುತ್ತವೆ. ಕ್ಲಚ್ ಇದ್ದೂ ತಿರುಗುತ್ತಿದ್ದರೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ, ಜಾಸ್ತಿ ಇದೆ ಅಥವಾ ಕ್ಲಚ್ ಸ್ಪ್ರಿಂಗ್ ಹೋಗಿದೆ. ಮ್ಯಾನುಯಲ್‌ನಲ್ಲಿ ಐಡ್ಲಿಂಗ್ ಎಷ್ಟು ಅಂತ ಕೊಟ್ಟಿರುತ್ತಾರೆ. ನಿಮಿಷಕ್ಕೆ ಎಷ್ಟು ಸುತ್ತು ಅಂತ ಅಳೆಯುವ ಟ್ಯಾಕೋಮೀಟರ್ ಇದೆಯೇ?

ಹಿತ್ತಲಹುಲ್ಲು

ನೆಟ್ಟಗಿನ ಕೊಳವೆ, ಕ್ಲಚ್ ಇದೆ. ಮ್ಯಾನುಯಲ್‌ನಲ್ಲಿ ಐಡ್ಲಿಂಗ್ 2,800 ಅಂತ ಇದೆ. ಟ್ಯಾಕೋಮೀಟರ್ ಇಲ್ಲ. ಗಾರ್ಡ್ ಬಿಚ್ಚಿಟ್ಟಿದ್ದೆ, ಈಗಲೇ ಹಾಕುತ್ತೇನೆ. ದಾರ ನೀರಲ್ಲಿ ಹಾಕಿದೆ.

ಬಲ್ಲಾಸ್ ಕಥೆಗೆ ತುಂಬಾ ಧನ್ಯವಾದ ಹಳೇರೆಕಾರ್ಡು ಅವರೇ.

ಮೌನಪ್ರಿಯ

ನನ್ನದು ಬೇರೆ ಮಾತು. ಮಷೀನ್ ಸದ್ದು ಸಂಗೀತದ ಹಾಗೆ ಕೇಳುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸಂಗೀತ ಮಾಡುವವರು ಬೇಕು ಅಂತ ಸದ್ದು ಮಾಡುತ್ತಾರೆ. ಕೇಳುವವರು ಬೇಕು ಅಂತ ಕೇಳುತ್ತಾರೆ. ಹುಲ್ಲಿನ ಮಷೀನಿನ ಸದ್ದು ಯಾರಿಗೂ ಬೇಡ. ಪಕ್ಕದ ಮನೆಯಲ್ಲಿ ಮಗು ಮಲಗಿರುತ್ತದೆ. ಹೆಸರು ಒಂದೇ ಆದ ಮಾತ್ರಕ್ಕೆ ನಂಟು ಕಟ್ಟಬೇಡಿ.

ಬೇಸ್‌ತಂತಿ

ಮೌನಪ್ರಿಯ ಅವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಬೇಕು ಅಂತ ಮಾಡುವುದೇ ಸಂಗೀತ, ನಿಜ. ಆದರೆ ಹಿತ್ತಲಹುಲ್ಲು ಅವರ ಕಿವಿ ಸುಳ್ಳು ಹೇಳಿಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ. ನಾನು ಬೇಸ್ ನುಡಿಸುವವನು, ಇದು ನನ್ನ ದಿನದ ಕೆಲಸ.

ಟೂ-ಸ್ಟ್ರೋಕ್ ಎಂಜಿನ್ ಒಂದೊಂದು ಸುತ್ತಿಗೂ ಒಂದು ಸಲ ಸಿಡಿಯುತ್ತದೆ. ಫೋರ್-ಸ್ಟ್ರೋಕ್ ಆದರೆ ಎರಡು ಸುತ್ತಿಗೆ ಒಂದು ಸಲ. ಹಾಗಾಗಿ ಟೂ-ಸ್ಟ್ರೋಕ್‌ನಲ್ಲಿ ನಿಮಿಷದ ಸುತ್ತನ್ನು 60ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸಿಡಿತ ಅಂತ ಬರುತ್ತದೆ. ಅದೇ ಅದರ ಶ್ರುತಿ.

ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಕೆಳಗಿನ 'ಇ'. ಅದು ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ. 60ರಿಂದ ಗುಣಿಸಿ. 2,472. ಅಂದರೆ ನಿಮಿಷಕ್ಕೆ 2,472 ಸುತ್ತಿನ ಐಡ್ಲಿಂಗ್‌ನಲ್ಲಿ ನಿಂತ ಟೂ-ಸ್ಟ್ರೋಕ್ ಮಷೀನ್ ನನ್ನ ಬೇಸಿನ ದಪ್ಪ ತಂತಿಯ ಶ್ರುತಿಯಲ್ಲೇ ಹಾಡುತ್ತಿರುತ್ತದೆ! ಪೂರ್ತಿ ಆಕ್ಸಿಲರೇಟರ್ ಕೊಟ್ಟು 7,400ಕ್ಕೆ ಹೋದರೆ ಸುಮಾರು 123 ಹರ್ಟ್ಸ್, ಅಂದರೆ ಸೆಕೆಂಡಿಗೆ 123 ಕಂಪನ, ಅದು 'ಬಿ' ಸ್ವರ. ಹೆಚ್ಚುಕಡಿಮೆ ಈ ಎರಡರ ಆಸುಪಾಸಿನಲ್ಲೇ ಇಂತಹ ಬ್ಯಾಂಡ್‌ಗಳ ಬೇಸ್ ಓಡಾಡುವುದು.

ಶ್ರುತಿ ಮಾತ್ರ ಅಲ್ಲ, ಸದ್ದಿನ ಬಣ್ಣವೂ ಹತ್ತಿರ. ತಂತಿಯ ಸದ್ದನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಹೆಚ್ಚಿಸಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಆಗ ಮೂಲ ಸ್ವರದ ಮೇಲೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಸ್ವರಗಳು ರಾಶಿ ಬೀಳುತ್ತವೆ. ಇದೇ ಡಿಸ್ಟಾರ್ಷನ್. ಎಂಜಿನ್ನಿನ ಸಿಡಿತವೂ ನುಣುಪಾದ ಅಲೆ ಅಲ್ಲ, ಚೂಪಾದ ಹೊಡೆತ. ಅದರ ಮೇಲೂ ಅದೇ ರಾಶಿ. ಕಿವಿಗೆ ಎರಡೂ ಒಂದೇ ಮನೆಯವು ಅನಿಸುವುದು ಅದಕ್ಕೇ.

ಹಿತ್ತಲಹುಲ್ಲು ಅವರೇ, ಟ್ಯಾಕೋಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಫೋನಿಗೆ ಗಿಟಾರ್ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ, ಹರ್ಟ್ಸ್ ತೋರಿಸುವಂಥದ್ದು. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬಿಟ್ಟು ಎಷ್ಟು ತೋರಿಸುತ್ತದೆ ನೋಡಿ. 2,800 ಅಂದರೆ 46.7 ಬರಬೇಕು, ಹೆಚ್ಚುಕಡಿಮೆ 'ಎಫ್ ಶಾರ್ಪ್'. ಒಂದು ಎಚ್ಚರಿಕೆ. ಫೋನಿನ ಮೈಕಿಗೆ ಇಷ್ಟು ಕೆಳಗಿನ ಸದ್ದು ಸರಿಯಾಗಿ ಹಿಡಿಯಲು ಬರುವುದಿಲ್ಲ. ಎರಡರಷ್ಟು ತೋರಿಸಬಹುದು, 93ರ ಆಸುಪಾಸು. ಸ್ವರದ ಹೆಸರು ಅದೇ, ಸ್ಥಾಯಿ ಮಾತ್ರ ಮೇಲಿನದು. ಹಾಗೆ ಬಂದರೆ ಅರ್ಧ ಮಾಡಿಕೊಳ್ಳಿ.

ಪ್ಲಗ್‌ಸ್ಪ್ಯಾನರ್

ಇದನ್ನು ನಾನು ಯಾವತ್ತೂ ಹೀಗೆ ಯೋಚಿಸಿರಲಿಲ್ಲ. ಕಾರ್ಬೊರೇಟರ್ ಟ್ಯೂನ್ ಮಾಡುತ್ತೇವೆ ಅಂತ ದಿನಾ ಹೇಳುತ್ತೇನೆ. ಹಳೆಯ ಮೆಕ್ಯಾನಿಕ್‌ಗಳು ಕಿವಿಯಲ್ಲೇ ಐಡ್ಲಿಂಗ್ ಹಿಡಿಯುತ್ತಿದ್ದರು, ಮೀಟರ್ ಮುಟ್ಟುತ್ತಿರಲಿಲ್ಲ. ಅವರು ಕೇಳುತ್ತಿದ್ದದ್ದು ಶ್ರುತಿಯನ್ನೇ ಅಂತ ಈಗ ಅರ್ಥ ಆಯಿತು.

ಲೆಕ್ಕ ಸರಿಯಾಗಿದೆ. ಮಾಡಿ ನೋಡಿ ಸರ್. ಹೆಡ್ ನೆಲಕ್ಕೆ ತಾಗದ ಹಾಗೆ ಇಡಿ, ಹತ್ತಿರ ಯಾರೂ ಇರಬಾರದು.

ಕಳೆಗಾರ್ತಿ

ಮೌನಪ್ರಿಯ ಅಣ್ಣಾ, ನಂಟು ಕಟ್ಟಬೇಡಿ ಅಂದಿರಿ. ಒಂದು ನಂಟು ಮಾತ್ರ ಕೇಳಿ. ಅದನ್ನು ಕಟ್ಟಿದವರು ನಾವಲ್ಲ.

ಜೆತ್ರೋ ಟಲ್ ಅಂತ ಇಂಗ್ಲೆಂಡಿನ ರಾಕ್ ಬ್ಯಾಂಡ್, ಕೊಳಲು ನುಡಿಸುವ ಇಯಾನ್ ಆಂಡರ್ಸನ್ ಅವರದು. ಕೊಳಲು ಇರುವ ರಾಕ್ ಅಂತ ಕೇಳಿದವರಿಗೆ ನೆನಪಿರುತ್ತದೆ. 1968ರಲ್ಲಿ ಅವರಿಗೆ ಆ ಹೆಸರು ಬಂತು. ಕಾರ್ಯಕ್ರಮ ಗೊತ್ತುಮಾಡುವ ಏಜೆನ್ಸಿಯಲ್ಲಿ ಇತಿಹಾಸ ಓದಿದವರೊಬ್ಬರು ಇಟ್ಟ ಹೆಸರು. ಅದು ಒಬ್ಬ ರೈತನ ಹೆಸರು. 1674ರಲ್ಲಿ ಹುಟ್ಟಿದ ಜೆತ್ರೋ ಟಲ್ 1701ರ ಹೊತ್ತಿಗೆ ಬೀಜ ಬಿತ್ತುವ ಯಂತ್ರ ಮಾಡಿದವರು. ಕೈಯಿಂದ ಚೆಲ್ಲುವ ಬದಲು ಸಾಲಾಗಿ, ಒಂದೇ ಆಳಕ್ಕೆ ಬೀಜ ಇಳಿಸುವ ಯಂತ್ರ. ಸಾಲು ಇದ್ದರೆ ನಡುವೆ ಕುಂಟೆ ಹೊಡೆದು ಕಳೆ ತೆಗೆಯಬಹುದು. ಕಳೆ ತೆಗೆಯುವುದೇ ಅವರ ದೊಡ್ಡ ಚಿಂತೆ.

ಆ ಯಂತ್ರದ ಉಪಾಯ ಅವರಿಗೆ ಎಲ್ಲಿಂದ ಬಂತು ಗೊತ್ತಾ? ಆರ್ಗನ್ ವಾದ್ಯದಿಂದ. ಅವರು ಆರ್ಗನ್ ನುಡಿಸಬಲ್ಲವರು. ವಾದ್ಯದ ಒಳಗೆ ಗಾಳಿ ಬಿಡಲು, ತಡೆಯಲು ಒಂದು ತೋಡು, ಒಂದು ನಾಲಿಗೆ, ಒಂದು ಸ್ಪ್ರಿಂಗ್ ಇರುತ್ತವೆ. ಗಾಳಿಯ ಜಾಗದಲ್ಲಿ ಬೀಜ ಇಟ್ಟರು. ತಮ್ಮ ಬರವಣಿಗೆಯಲ್ಲಿ ಇದನ್ನು ಅವರೇ ಹೇಳಿದ್ದಾರೆ.

ಅಂದರೆ ಸಂಗೀತದಿಂದ ಹೊಲಕ್ಕೆ ಹೋದ ಉಪಾಯ, 267 ವರ್ಷ ಬಿಟ್ಟು ಹೆಸರಾಗಿ ಮತ್ತೆ ಸಂಗೀತಕ್ಕೇ ಬಂತು. ಹೆಸರಿಟ್ಟವರಿಗೆ ಆರ್ಗನ್ ವಿಷಯ ನೆನಪಿತ್ತೋ ಇಲ್ಲವೋ, ನನಗಂತೂ ಇದನ್ನು ಓದಿದ ದಿನ ಮೈ ಜುಂ ಅಂದಿತ್ತು.

ಇನ್ನೊಂದು, ನಮ್ಮ ಮಾತಿನದು. ವೀಡ್ ಅನ್ನುವ ಪದಕ್ಕೆ ಎರಡು ಅರ್ಥ ಅಂದರಲ್ಲ. ನಮ್ಮ 'ಕಳೆ'ಗೆ ನೋಡಿ. ಹೊಲದ ಕಳೆ, ಮುಖದ ಕಳೆ. ಕೀಳಬೇಕಾದ್ದಕ್ಕೂ ಅದೇ ಹೆಸರು, ಹೊಳಪಿಗೂ ಅದೇ ಹೆಸರು. ಕಳೆ ತೆಗೆದ ಮೇಲೆ ಹೊಲ ಕಳೆಕಳೆಯಾಗಿ ಕಾಣುತ್ತದೆ ಅಂತ ಹೇಳಿದರೆ ಕನ್ನಡದವರಿಗೆ ಒಂದು ಕ್ಷಣವೂ ಗೊಂದಲ ಆಗುವುದಿಲ್ಲ.

ಪ್ಲಗ್‌ಸ್ಪ್ಯಾನರ್

ಅಕ್ಕಾ, ಕಥೆ ಬಹಳ ಚೆನ್ನಾಗಿದೆ. ಆದರೆ ಟಲ್ ಅವರ ಯಂತ್ರ ಎಳೆದದ್ದು ಕುದುರೆ. ಎಂಜಿನ್ ಇಲ್ಲ, ತೋಟದ್ದೂ ಅಲ್ಲ. ಇಲ್ಲಿ ಕೇಳಿರುವುದು ತೋಟದ ಮೋಟಾರ್ ಮಷೀನಿನ ಹೆಸರು. ನಾನಾದರೆ ಇದನ್ನು ಪಕ್ಕದಲ್ಲಿ ಇಡುತ್ತೇನೆ.

ಕಳೆಗಾರ್ತಿ

ಪಕ್ಕದಲ್ಲೇ ಇಡಿ. ದೂರ ಇಡಬೇಡಿ.

ಹಳೇರೆಕಾರ್ಡು

ಹಾಗಾದರೆ ಎಂಜಿನ್ ಇರುವುದನ್ನೇ ಹೇಳುತ್ತೇನೆ. ಆರ್‌ಇಒ ಸ್ಪೀಡ್‌ವ್ಯಾಗನ್.

1967ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹುಡುಗರು ಕಟ್ಟಿದ ಬ್ಯಾಂಡ್. ಕೀಬೋರ್ಡ್ ನುಡಿಸುತ್ತಿದ್ದ ನೀಲ್ ಡೌಟಿ ಸಾರಿಗೆಯ ಇತಿಹಾಸದ ಕ್ಲಾಸಿಗೆ ಹೋದಾಗ ಬೋರ್ಡಿನ ಮೇಲೆ ಈ ಹೆಸರು ಕಂಡಿತು. ಅದು 1915ರಲ್ಲಿ ಬಂದ ಒಂದು ಲಾರಿ. ಮಾಡಿದವರು ರ್‍ಯಾನ್ಸಮ್ ಇ. ಓಲ್ಡ್ಸ್, ಅವರ ಹೆಸರಿನ ಮೊದಲ ಅಕ್ಷರಗಳೇ ಆರ್‌ಇಒ. ಕಂಪನಿಯವರು ಅದನ್ನು 'ರಿಯೋ' ಅನ್ನುತ್ತಿದ್ದರು. ಬ್ಯಾಂಡಿನವರು ಅಕ್ಷರ ಬಿಡಿಸಿ ಹೇಳಿದರು.

ಇದು ಎಲ್ಲರಿಗೂ ಗೊತ್ತಿರುವ ಭಾಗ. ಗೊತ್ತಿಲ್ಲದ ಭಾಗ ಇಲ್ಲಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಷಿಗನ್‌ನ ಲ್ಯಾನ್ಸಿಂಗ್‌ನಲ್ಲಿದ್ದ ಅದೇ ಕಂಪನಿ ಲಾನ್ ಮೋವರ್ ಮಾಡಲು ಶುರುಮಾಡಿತು. ಪೆಟ್ರೋಲ್ ಎಂಜಿನ್ನಿನ ಹುಲ್ಲು ಕತ್ತರಿಸುವ ಗಾಡಿಗಳು, ಮೇಲೆ ದೊಡ್ಡದಾಗಿ ರಿಯೋ ಅಂತ ಹೆಸರು. ಹಳೆಯ ಮಷೀನ್ ಕೂಡಿಡುವವರ ಹತ್ತಿರ ಈಗಲೂ ಇವೆ. ಹಾಗಾಗಿ ಒಂದೇ ಮೂರು ಅಕ್ಷರ ಲಾರಿಗೂ ಬಂತು, ಹುಲ್ಲಿನ ಮಷೀನಿಗೂ ಬಂತು, ರಾಕ್ ಬ್ಯಾಂಡಿಗೂ ಬಂತು.

ಯಾರೂ ಕೇಸ್ ಹಾಕುವುದಿಲ್ಲವೇ ಅಂತ ಕೇಳಬಹುದು. ಟ್ರೇಡ್‌ಮಾರ್ಕ್ ಅನ್ನುವುದು ಸರಕಿನ ಬಗೆಗೆ ಅಂಟಿದ ಹಕ್ಕು. ದೇಶಗಳು ಒಪ್ಪಿಕೊಂಡ ಪಟ್ಟಿಯಲ್ಲಿ 45 ವರ್ಗಗಳಿವೆ. ಲಾನ್ ಮೋವರ್‌ನಂಥ ಯಂತ್ರಗಳು 7ನೇ ವರ್ಗ, ಸಂಗೀತ ವಾದ್ಯ 15, ಮನರಂಜನೆ 41. ಹುಲ್ಲಿನ ಮಷೀನ್ ಕೊಳ್ಳಲು ಹೋದವರು ಮೋಸಹೋಗಿ ಹಾಡಿನ ಟಿಕೆಟ್ ತರುವುದಿಲ್ಲ, ಅದಕ್ಕೇ ಸಾಮಾನ್ಯವಾಗಿ ಜಗಳ ಹುಟ್ಟುವುದಿಲ್ಲ. ಆದರೆ ಯಾವಾಗಲೂ ಹೀಗೆ ಅಂತಲ್ಲ. ಷಿಕಾಗೋ ಅನ್ನುವ ಬ್ಯಾಂಡ್ ಮೊದಲು ಷಿಕಾಗೋ ಟ್ರಾನ್ಸಿಟ್ ಅಥಾರಿಟಿ ಅಂತ ಇತ್ತು. ಆ ಊರಿನ ನಿಜವಾದ ಸಾರಿಗೆ ಸಂಸ್ಥೆ ತಕರಾರು ತೆಗೆದ ಮೇಲೆ ಹೆಸರು ಮೊಟಕಾಯಿತು.

ಮಷೀನನ್ನೇ ವೇದಿಕೆ ಹತ್ತಿಸಿದವರೂ ಇದ್ದಾರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಜ್ಯಾಕಿಲ್ ಬ್ಯಾಂಡಿನ ಹಾಡುಗಾರ ಜೆಸ್ಸಿ ಜೇಮ್ಸ್ ಡುಪ್ರಿ ಚೈನ್‌ಸಾ, ಅಂದರೆ ಮರ ಕೊಯ್ಯುವ ಮೋಟಾರ್ ಗರಗಸ, ಹಿಡಿದು ಸೋಲೋ ನುಡಿಸುತ್ತಾರೆ, 1992ರ ಮೊದಲ ಆಲ್ಬಮ್‌ನಲ್ಲೇ ಅದಿದೆ. ಆಕ್ಸಿಲರೇಟರ್ ಏರಿಸಿ ಇಳಿಸಿ ಸ್ವರ ಬದಲಿಸುತ್ತಾರೆ. ಮೌನಪ್ರಿಯ ಅವರೇ, 'ಬೇಕು ಅಂತ ಮಾಡುವ ಸದ್ದು' ಅಂದಿರಲ್ಲ, ಇದು ಅದೇ ಅಲ್ವಾ?

ನಿಧಾನಲಯ

ಎಕೋ ಬಿಟ್ಟುಹೋಯಿತು. ಟ್ರಿಮ್ಮರ್ (ಹುಲ್ಲು ಹೊಡೆಯುವ ಮಷೀನ್), ಬ್ಲೋವರ್, ಚೈನ್‌ಸಾ ಮಾಡುವ ಜಪಾನಿನ ಎಕೋ. ಲಿವರ್‌ಪೂಲ್‌ನಲ್ಲಿ 1978ರಲ್ಲಿ ಶುರುವಾದ ಬ್ಯಾಂಡ್ ಎಕೋ ಅಂಡ್ ದ ಬನ್ನಿಮೆನ್. ಅವರ ಹಾಡು ನನಗೆ ಪ್ರಾಣ. ಎರಡಕ್ಕೂ ನಂಟಿಲ್ಲ, ಪದ ಒಂದೇ.

ಯಮಹಾ ಮಾತ್ರ ನಿಜವಾದ ನಂಟು. 1887ರಲ್ಲಿ ತೊರಕುಸು ಯಮಹಾ ಒಂದು ಆರ್ಗನ್ ರಿಪೇರಿ ಮಾಡಿದರು, ಅಲ್ಲಿಂದ ಕಂಪನಿ. 1955ರಲ್ಲಿ ಮೋಟಾರ್ ವಿಭಾಗ ಬೇರೆ ಕಂಪನಿಯಾಯಿತು. ಜನರೇಟರ್, ದೋಣಿಯ ಎಂಜಿನ್, ಹಿಮ ಎಸೆಯುವ ಮಷೀನ್ ಎಲ್ಲ ಮಾಡಿದರು. ಲಾಂಛನದಲ್ಲಿ ಈಗಲೂ ಮೂರು ಶ್ರುತಿಕವೆಗಳಿವೆ. ಎಂಜಿನ್ನಿನ ಮೇಲೂ ಅದೇ.

ಬೇಸ್‌ತಂತಿ

ಮತ್ತೆ ಆರ್ಗನ್! ಕಳೆಗಾರ್ತಿ ಅವರು ಖುಷಿಪಡುತ್ತಾರೆ.

ಒಂದು ಗಂಭೀರ ಮಾತು ಸೇರಿಸುತ್ತೇನೆ. ಈ ನಿಧಾನ, ಭಾರದ ಸಂಗೀತದ ಬೇರು ಬ್ಲ್ಯಾಕ್ ಸಬ್ಬತ್ ಅನ್ನುವ ಇಂಗ್ಲೆಂಡಿನ ಬ್ಯಾಂಡ್. ಅದರ ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಮಷೀನಿಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವರು ಎಡಚರು, ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ನೋವು ತಡೆಯಲು ತೆಳು ತಂತಿ ಹಾಕಿದರು. ಆಮೇಲೆ ಶ್ರುತಿಯನ್ನೂ ಇಳಿಸಿದರು. ಸಡಿಲ ತಂತಿಯ ಆ ಭಾರದ ಸದ್ದೇ ಮುಂದಿನವರಿಗೆ ದಾರಿಯಾಯಿತು. ಈ ಸಂಗೀತ ಕೇಳುವಾಗೆಲ್ಲ ಆ ಬೆರಳು ನನಗೆ ನೆನಪಾಗುತ್ತದೆ. ಹಿತ್ತಲಹುಲ್ಲು ಅವರೇ, ತಿರುಗುತ್ತಿರುವ ಹೆಡ್ ಹತ್ತಿರ ಕೈ ಹಾಕಬೇಡಿ. ಪ್ಲಗ್ ಕ್ಯಾಪ್ ಕಿತ್ತಿಟ್ಟು ಆಮೇಲೆ ಮುಟ್ಟಿ.

ಮೌನಪ್ರಿಯ

ಜ್ಯಾಕಿಲ್ ವಿಡಿಯೋ ನೋಡಿದೆ. ಅದು ನುಡಿಸುವುದೇ, ಒಪ್ಪುತ್ತೇನೆ. ಇಷ್ಟ ಆಗಲಿಲ್ಲ, ಆದರೆ ಒಪ್ಪುತ್ತೇನೆ.

ಈಗ ನನ್ನ ಮಾತನ್ನೂ ಕೇಳಿ. ನನ್ನ ಎಡಕಿವಿಯಲ್ಲಿ ಏಳು ವರ್ಷದಿಂದ ಕೀ ಅನ್ನುವ ಸದ್ದು ನಿಂತಿಲ್ಲ. ಅರ್ಧ ಮಷೀನುಗಳಿಂದ, ಅರ್ಧ ಹುಡುಗನಾಗಿದ್ದಾಗ ಸ್ಪೀಕರ್ ಮುಂದೆ ನಿಂತಿದ್ದರಿಂದ. ನನ್ನ ಹೆಸರು ಮೌನಪ್ರಿಯ ಆದದ್ದು ಮೌನ ನನಗೆ ಸಿಗುವುದಿಲ್ಲ ಅಂತ.

ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಯಾಷ್ ಸಂಸ್ಥೆಯ ಲೆಕ್ಕ ಹೀಗಿದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದರೆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100 ಡೆಸಿಬಲ್ ಆದರೆ ಬರೀ 15 ನಿಮಿಷ. ಸಂಗೀತದ ಜಾಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಮೇಲಿನ ಮಿತಿಯೂ ಸರಾಸರಿ 100. ಪೆಟ್ರೋಲ್ ಟ್ರಿಮ್ಮರ್ ಕಿವಿಯ ಹತ್ತಿರ 95 ದಾಟುವುದು ಮಾಮೂಲು. ನೀವು ಎರಡು ಗಂಟೆ ಹೊಡೆದು, ರಾತ್ರಿ ಹೆಡ್‌ಫೋನ್ ಹಾಕಿ ಅದೇ ಹೆಸರಿನ ಬ್ಯಾಂಡ್ ಜೋರಾಗಿ ಕೇಳಿದರೆ ಕಿವಿಯ ಲೆಕ್ಕದಲ್ಲಿ ಎರಡೂ ಒಂದೇ ಖಾತೆಗೆ ಬೀಳುತ್ತವೆ. ದಯವಿಟ್ಟು ಇಯರ್‌ಮಫ್ ಹಾಕಿ. ಸಂಗೀತ ಕಾರ್ಯಕ್ರಮಕ್ಕೂ ಇಯರ್‌ಪ್ಲಗ್ ಒಯ್ಯಿರಿ.

ಬೇಸ್‌ತಂತಿ

ಅಣ್ಣಾ, ಇದನ್ನು ನನಗೆ ಇಪ್ಪತ್ತು ವರ್ಷ ಮುಂಚೆ ಯಾರಾದರೂ ಹೇಳಬೇಕಿತ್ತು. ನನಗೂ ಬಲಕಿವಿಯಲ್ಲಿ ಇದೆ. ಈಗ ಪ್ಲಗ್ ಇಲ್ಲದೆ ರಿಹರ್ಸಲ್‌ಗೂ ಹೋಗುವುದಿಲ್ಲ.

ಹಿತ್ತಲಹುಲ್ಲು

ಇವತ್ತು ಮಾಡಿದೆ. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ಏರ್ ಫಿಲ್ಟರ್ ತೊಳೆದು ಒಣಗಿಸಿ ಹಾಕಿದೆ. ಗಾರ್ಡ್ ಹಾಕಿದೆ. ಕನ್ನಡಕ, ಇಯರ್‌ಮಫ್ ಎರಡೂ ಹಾಕಿಕೊಂಡೆ. ಮಷೀನನ್ನು ಬೆಂಚಿಗೆ ಕಟ್ಟಿ ಹೆಡ್ ಹೊರಗೆ ಬಿಟ್ಟು ಮೂರು ನಿಮಿಷ ಓಡಿಸಿದೆ. ಟ್ಯೂನರ್ ಆ್ಯಪ್ 116, 117 ಅಂತ ತೋರಿಸಿತು. ಸ್ವರ 'ಎ ಶಾರ್ಪ್'. ಬೇಸ್‌ತಂತಿ ಹೇಳಿದ ಹಾಗೆ ಅರ್ಧ ಮಾಡಿದೆ, 58 ಚಿಲ್ಲರೆ. 60ರಿಂದ ಗುಣಿಸಿದರೆ 3,500. ಮ್ಯಾನುಯಲ್‌ಗಿಂತ 700 ಜಾಸ್ತಿ. ಕ್ಲಚ್ ಹಿಡಿಯದೆ ಏನು ಮಾಡುತ್ತದೆ!

ಐಡ್ಲಿಂಗ್ ಸ್ಕ್ರೂ ಎಡಕ್ಕೆ ಕಾಲು ಸುತ್ತು ತಿರುಗಿಸಿದೆ. 106. ಇನ್ನು ಸ್ವಲ್ಪ. 99. ಹೆಡ್ ತೂಕಡಿಸಿದ ಹಾಗೆ ತಿರುಗುತ್ತಿತ್ತು. ಇನ್ನೊಂದು ಕೂದಲೆಳೆಯಷ್ಟು. ಪರದೆಯ ಮೇಲೆ 93, 'ಎಫ್ ಶಾರ್ಪ್', ಮುಳ್ಳು ಹಸಿರಿಗೆ ಬಂತು. ಕೆಳಗೆ ನೋಡಿದರೆ ಹೆಡ್ ನಿಂತಿದೆ. ಎಂಜಿನ್ ಹಾಡುತ್ತಿದೆ, ದಾರ ಸುಮ್ಮನೆ ಜೋತುಬಿದ್ದಿದೆ. ಐದು ನಿಮಿಷ ಹಾಗೇ ನೋಡುತ್ತಾ ನಿಂತೆ.

ನೆನೆಸಿದ ದಾರ ಇಡೀ ಹಿತ್ತಿಲು ಮುಗಿಯುವವರೆಗೆ ಒಂದು ಸಲವೂ ತುಂಡಾಗಲಿಲ್ಲ.

ಪ್ಲಗ್‌ಸ್ಪ್ಯಾನರ್

ಬಹಳ ಸಂತೋಷ ಸರ್. ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಸ್ಕ್ರೂ ಮುಟ್ಟದೆಯೇ ಸ್ವರ ಮೇಲೇರಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಕಾರ್ಬೊರೇಟರ್ ಗ್ಯಾಸ್ಕೆಟ್ ನೋಡಬೇಕಾಗುತ್ತದೆ. ಸ್ವರ ಅಲ್ಲೇ ಇದ್ದು ಹೆಡ್ ಮಾತ್ರ ತಿರುಗಿದರೆ ಕ್ಲಚ್ ಸ್ಪ್ರಿಂಗ್.

ಇವತ್ತು ನಾನೂ ನನ್ನ ಫೋನಿಗೆ ಟ್ಯೂನರ್ ಹಾಕಿಕೊಂಡೆ.

ಬೇಸ್‌ತಂತಿ

ಎಫ್ ಶಾರ್ಪ್‌ಗೆ ನಿಲ್ಲಿಸಿದ್ದೀರಿ. ಕೆಳಗಿನ 'ಇ' ತಂತಿಯ ಎರಡನೇ ಮನೆ ಒತ್ತಿದರೆ ಅದೇ ಸ್ವರ. ಮುಂದಿನ ಸಲ ಮಷೀನ್ ಸ್ಟಾರ್ಟ್ ಮಾಡಿದಾಗ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕಳಿಸಿ. ಅದರ ಮೇಲೆ ಬೇಸ್ ನುಡಿಸಿ ಇಲ್ಲಿ ಹಾಕುತ್ತೇನೆ. ಮೌನಪ್ರಿಯ ಅಣ್ಣನಿಗಾಗಿ ಸಣ್ಣ ಸದ್ದಿನಲ್ಲಿ.